ಬೇರೆಯಾದ ಮೇಲೆ ಮಗುವನ್ನು ಊರಿಗೆ ಕರೆದೊಯ್ಯುವುದು: ಇಂಗ್ಲೆಂಡಿನ ನ್ಯಾಯಾಲಯದಲ್ಲಿ ಮಕ್ಕಳ ಕಾನೂನಿನ ಬ್ಯಾರಿಸ್ಟರ್ ಬೇಕೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನಲ್ಲಿ, ಊರು ಶಿವಮೊಗ್ಗದ ಕಡೆ. ಕಳೆದ ವರ್ಷ ನಾವು ಗಂಡ ಹೆಂಡತಿ ಬೇರೆಯಾದೆವು. ಆರು ವರ್ಷದ ಮಗಳು ನನ್ನ ಜೊತೆಗಿದ್ದಾಳೆ, ವಾರಾಂತ್ಯದಲ್ಲಿ ಅಪ್ಪನ ಮನೆಗೆ ಹೋಗಿ ಬರುತ್ತಾಳೆ. ಆ ವಿಷಯದಲ್ಲಿ ನನ್ನ ತಕರಾರು ಏನೂ ಇಲ್ಲ. ಬೇಸಿಗೆ ರಜೆಯಲ್ಲಿ ಮೂರು ವಾರ ಅವಳನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇ ತಡ, ಮಗು ದೇಶ ಬಿಟ್ಟು ಹೋಗದಂತೆ ತಡೆಯಾಜ್ಞೆ ಕೊಡಿ ಎಂದು ಅವರು ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದಾರೆ. ಒಮ್ಮೆ ಹೋದರೆ ನಾನು ವಾಪಸು ಬರುವುದಿಲ್ಲವಂತೆ. ಅಮ್ಮನಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ, ವಿಮಾನ ಹತ್ತುವ ಸ್ಥಿತಿಯಲ್ಲಿಲ್ಲ. ಮೊಮ್ಮಗಳನ್ನು ನೋಡಬೇಕೆಂದು ದಿನವೂ ಕೇಳುತ್ತಾರೆ.

ಮುಂದಿನ ತಿಂಗಳು ಮೊದಲ ವಿಚಾರಣೆ. ನನ್ನ ಸಾಲಿಸಿಟರ್ ಮಕ್ಕಳ ಮೊಕದ್ದಮೆಗಳಲ್ಲಿ ಪಳಗಿದ ಬ್ಯಾರಿಸ್ಟರ್ ಒಬ್ಬರನ್ನು ಗೊತ್ತುಮಾಡೋಣ ಎನ್ನುತ್ತಿದ್ದಾರೆ. ಸಾಲಿಸಿಟರ್ ಇರುವಾಗ ಇನ್ನೊಬ್ಬ ವಕೀಲರು ಏಕೆ? ಊರಿನಲ್ಲಾದರೆ ಅರ್ಜಿ ಬರೆಯುವವರೂ ವಾದ ಮಾಡುವವರೂ ಒಬ್ಬರೇ. ಕೊಡುವ ಹಣಕ್ಕೆ ತಕ್ಕ ಕೆಲಸ ಆಗುತ್ತದೆಯೇ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ನಿರ್ವಾಹಕರು

ತುಂಗಾತೀರ ಅವರೇ, ನಿಮ್ಮ ಬರಹದಲ್ಲಿದ್ದ ಮಗಳ ಹೆಸರು, ಶಾಲೆಯ ಹೆಸರು ಮತ್ತು ನೀವಿರುವ ಪಟ್ಟಣವನ್ನು ತೆಗೆದುಹಾಕಿದ್ದೇನೆ. ಬೇಸರಿಸಬೇಡಿ. ಇಂಗ್ಲೆಂಡಿನಲ್ಲಿ ಮಕ್ಕಳ ಮೊಕದ್ದಮೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ. ಇಂಥ ಮಗುವಿನ ಮೊಕದ್ದಮೆ ನಡೆಯುತ್ತಿದೆ ಎಂದು ಗುರುತು ಸಿಗುವಂತೆ ಪ್ರಕಟಿಸುವುದು 1989ರ ಮಕ್ಕಳ ಕಾಯ್ದೆಯ 97ನೇ ಕಲಮಿನಂತೆ ಅಪರಾಧ. ನ್ಯಾಯಾಲಯದ ಕಾಗದಗಳ ಚಿತ್ರ ಹಾಕುವುದು, ಎದುರು ಪಕ್ಷದವರ ಹೇಳಿಕೆಯನ್ನು ಇಲ್ಲಿ ಉದ್ಧರಿಸುವುದು ಯಾವುದೂ ಬೇಡ. ಸಾಮಾನ್ಯ ಪ್ರಶ್ನೆಗಳನ್ನು ಧಾರಾಳವಾಗಿ ಕೇಳಿ.

ಕರಿಕೋಟು

ನಾನು ಮೂಲತಃ ಹಾಸನದವಳು, ಯಾರ್ಕ್‌ಷೈರಿನಲ್ಲಿ ಸಾಲಿಸಿಟರ್. ಕೌಟುಂಬಿಕ ಮೊಕದ್ದಮೆಗಳನ್ನೇ ನೋಡುತ್ತೇನೆ.

ನಿಮ್ಮ ಸಾಲಿಸಿಟರ್ ಹೇಳಿದ್ದು ಸರಿ ಎಂದು ನನಗನ್ನಿಸುತ್ತದೆ. ಭಾರತದಲ್ಲಿ 1961ರ ವಕೀಲರ ಕಾಯ್ದೆಯ ನಂತರ ವಕೀಲರೆಲ್ಲ ಒಂದೇ ವರ್ಗ. ಇಲ್ಲಿ ಈಗಲೂ ಎರಡು ಕವಲು. ಕಡತ ನೋಡಿಕೊಳ್ಳುವುದು, ಎದುರು ಪಕ್ಷಕ್ಕೆ ಪತ್ರ ಬರೆಯುವುದು, ನಿಮ್ಮ ಹೇಳಿಕೆಯ ಕರಡು ಮಾಡುವುದು, ಗಡುವಿನೊಳಗೆ ಕಾಗದ ಸಲ್ಲಿಸುವುದು ಸಾಲಿಸಿಟರ್ ಕೆಲಸ. ನ್ಯಾಯಾಧೀಶರ ಮುಂದೆ ವಾದ ಮಂಡಿಸುವುದು, ಪಾಟೀಸವಾಲು ಮಾಡುವುದು, ಮೊಕದ್ದಮೆ ಎಲ್ಲಿ ಗಟ್ಟಿ, ಎಲ್ಲಿ ಸೊರಗಿದೆ ಎಂದು ಅಭಿಪ್ರಾಯ ಕೊಡುವುದು ಬ್ಯಾರಿಸ್ಟರ್ ಕೆಲಸ. ಸಾಲಿಸಿಟರ್‌ಗಳೂ ವಾದ ಮಾಡಬಹುದು, ಸಣ್ಣ ವಿಚಾರಣೆಗಳಿಗೆ ನಾನೇ ಹೋಗುತ್ತೇನೆ. ಆದರೆ ನಿಮ್ಮದು ಸಣ್ಣ ವಿಚಾರಣೆ ಅಲ್ಲ.

ಏಕೆಂದರೆ ಮಗುವನ್ನು ಅಪಹರಿಸಿ ಬೇರೆ ದೇಶಕ್ಕೆ ಕರೆದೊಯ್ದರೆ ಹಿಂದಿರುಗಿಸಬೇಕು ಎನ್ನುವ 1980ರ ಹೇಗ್ ಒಪ್ಪಂದಕ್ಕೆ ಬ್ರಿಟನ್ ಸೇರಿದೆ, ಭಾರತ ಸೇರಿಲ್ಲ. ನೀವು ಸ್ಪೇನ್‌ಗೋ ಫ್ರಾನ್ಸ್‌ಗೋ ಹೊರಟಿದ್ದರೆ ಈ ಅರ್ಜಿ ಅರ್ಧ ಗಂಟೆಯ ಮಾತು. ಹೇಗ್ ಒಪ್ಪಂದದ ಹೊರಗಿನ ದೇಶ ಎಂದ ಕೂಡಲೇ ನ್ಯಾಯಾಧೀಶರು ಮೂರು ವಿಷಯ ನೋಡುತ್ತಾರೆ. ಈ ತಾಯಿ ಆದೇಶ ಮುರಿದು ಅಲ್ಲೇ ಉಳಿಯುವ ಸಾಧ್ಯತೆ ಎಷ್ಟು? ಉಳಿದುಬಿಟ್ಟರೆ ಮಗುವಿಗೆ ಆಗುವ ಹಾನಿ ಎಷ್ಟು? ಹಾಗಾಗದಂತೆ ಎಷ್ಟು ಭದ್ರತೆ ಕಟ್ಟಬಹುದು? 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಸ್ಪಷ್ಟವಾಗಿ ಹೇಳಿದೆ. ಮೂರನೆಯ ಪ್ರಶ್ನೆಗೆ ಉತ್ತರಿಸಲು ಭಾರತದ ಕಾನೂನು ಬಲ್ಲ ತಜ್ಞರ ವರದಿ ಸಾಮಾನ್ಯವಾಗಿ ಬೇಕಾಗುತ್ತದೆ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು, ವರದಿ ಬರಲು ವಾರಗಟ್ಟಲೆ ಸಮಯ ಬೇಕು. ಹಾಗಾಗಿ ಮೊದಲ ವಿಚಾರಣೆಯ ದಿನವೇ ಊರಿಗೆ ಹೋಗಲು ಅನುಮತಿ ಸಿಕ್ಕಿಬಿಡುತ್ತದೆ ಎಂದು ಟಿಕೆಟ್ ಕಾಯ್ದಿರಿಸಬೇಡಿ.

ಮಕ್ಕಳ ಕಾನೂನೇ ಕಸುಬಾಗಿರುವ ಬ್ಯಾರಿಸ್ಟರ್ ಇದನ್ನು ಮೊದಲ ದಿನವೇ ಗುರುತಿಸಿ ತಜ್ಞರ ಹೆಸರು, ಪ್ರಶ್ನೆಗಳ ಪಟ್ಟಿ, ವೆಚ್ಚದ ಅಂದಾಜು ಸಮೇತ ಬರುತ್ತಾರೆ. ಗೊತ್ತಿಲ್ಲದವರು ಮೊದಲ ವಿಚಾರಣೆಯಲ್ಲಿ ತಾಯಿಯ ಒಳ್ಳೆಯತನದ ಬಗ್ಗೆ ಭಾಷಣ ಮಾಡುತ್ತಾರೆ, ಎರಡನೆಯದರಲ್ಲಿ ತಜ್ಞರ ವರದಿ ಎಲ್ಲಿ ಎಂದು ಕೇಳಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಬೇಸಿಗೆ ರಜೆ ಮುಗಿದಿರುತ್ತದೆ.

ಹಣ್ಣೆಲೆ

ತಂಗಿ, ನಾನು ಈ ದೇಶಕ್ಕೆ ಬಂದು ಬಹಳ ಕಾಲವಾಯಿತು. ಒಂದು ಮಾತು ಹೇಳುತ್ತೇನೆ, ಹಿರಿಯನ ಮಾತೆಂದು ಕೇಳು. ಎರಡೂ ಕಡೆಯ ಹಿರಿಯರು ಕುಳಿತು ಮಾತಾಡಿದರೆ ಬಗೆಹರಿಯುವ ವಿಷಯ ಇದು. ವಕೀಲರು ಒಳಗೆ ಬಂದರೆ ಜಗಳ ಬೆಳೆಯುತ್ತದೆ, ಹಣವೂ ಹೋಗುತ್ತದೆ, ಮಗುವಿನ ಮನಸ್ಸೂ ಒಡೆಯುತ್ತದೆ.

ಹೊಸಮನೆ

ಹಣ್ಣೆಲೆ ಅವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಅರ್ಜಿ ಈಗಾಗಲೇ ನ್ಯಾಯಾಲಯದಲ್ಲಿದೆ. ಹಿರಿಯರ ಮಾತುಕತೆ ನಡೆಯುತ್ತಿದೆ ಎಂದು ವಿಚಾರಣೆ ನಿಲ್ಲುವುದಿಲ್ಲ. ಇವರು ಹಾಜರಾಗದಿದ್ದರೆ ಇವರಿಲ್ಲದೆಯೇ ಆದೇಶ ಆಗಿಬಿಡಬಹುದು.

ನಾನು ಒಬ್ಬ ತಂದೆ. ಮಗನ ಭೇಟಿಗಾಗಿ ಅರ್ಜಿ ಹಾಕಿ, ಮೊದಲು ವಕೀಲರಿಲ್ಲದೆ ಒಬ್ಬನೇ ನಿಂತೆ. ಹಣ ಇರಲಿಲ್ಲ. 2013ರ ಏಪ್ರಿಲ್‌ನಿಂದ ಇಂಥ ಖಾಸಗಿ ಮೊಕದ್ದಮೆಗಳಿಗೆ ಸರ್ಕಾರದ ಕಾನೂನು ನೆರವು ಬಹುಪಾಲು ನಿಂತುಹೋಗಿದೆ, ಕೌಟುಂಬಿಕ ದೌರ್ಜನ್ಯದ ಪುರಾವೆ ಇದ್ದವರಿಗೆ, ಆದಾಯ ಮಿತಿಯೊಳಗಿದ್ದರೆ, ಸಿಗುತ್ತದೆ. ಅದಕ್ಕೇ ಈಗ ಇಲ್ಲಿನ ಕೌಟುಂಬಿಕ ನ್ಯಾಯಾಲಯಗಳಲ್ಲಿ ವಕೀಲರಿಲ್ಲದ ತಂದೆ ತಾಯಂದಿರೇ ತುಂಬಿದ್ದಾರೆ. ನ್ಯಾಯಾಧೀಶರು ತಾಳ್ಮೆಯಿಂದ ನಡೆದುಕೊಂಡರು, ಅದನ್ನು ಹೇಳಲೇಬೇಕು. ಜೊತೆಗೆ ಸ್ನೇಹಿತರೊಬ್ಬರನ್ನು ಕೂರಿಸಿಕೊಳ್ಳಲು ಅವಕಾಶ ಇದೆ. ಇಲ್ಲಿ ಅವರಿಗೆ ಮೆಕೆಂಜಿ ಫ್ರೆಂಡ್ ಎನ್ನುತ್ತಾರೆ. ಅವರು ಟಿಪ್ಪಣಿ ಬರೆದುಕೊಳ್ಳಬಹುದು, ಕಿವಿಯಲ್ಲಿ ಸಲಹೆ ಹೇಳಬಹುದು, ನ್ಯಾಯಾಧೀಶರ ಜೊತೆ ಮಾತಾಡುವಂತಿಲ್ಲ.

ಅಂತಿಮ ವಿಚಾರಣೆಗೆ ಮಾತ್ರ ನೇರವಾಗಿ ಬ್ಯಾರಿಸ್ಟರ್ ಒಬ್ಬರನ್ನು ಹಿಡಿದೆ. 2004ರಿಂದ ಸಾಲಿಸಿಟರ್ ಇಲ್ಲದೆಯೂ ಹೀಗೆ ಹೋಗುವ ವ್ಯವಸ್ಥೆ ಇದೆ, ಇದಕ್ಕೆ ಪಬ್ಲಿಕ್ ಆಕ್ಸೆಸ್ ಎಂದು ಹೆಸರು. ಬಾರ್ ಕೌನ್ಸಿಲ್ ನಡೆಸುವ ಜಾಲತಾಣದಲ್ಲಿ ಹುಡುಕಬಹುದು. ಶುಲ್ಕವನ್ನು ಮೊದಲೇ ನಿಗದಿ ಮಾಡುತ್ತಾರೆ, ಮೇಲೆ ಶೇ 20 ವ್ಯಾಟ್ ಸೇರುತ್ತದೆ. ಆದರೆ ಇದರಲ್ಲಿ ಕಾಗದದ ಕೆಲಸವೆಲ್ಲ ನಮ್ಮ ತಲೆಯ ಮೇಲೆ. ಅರ್ಜಿ ಸಲ್ಲಿಸುವುದು, ಎದುರು ಪಕ್ಷಕ್ಕೆ ತಲುಪಿಸುವುದು, 350 ಪುಟಗಳ ಮಿತಿಯೊಳಗೆ ಕಾಗದಗಳ ಕಟ್ಟು ತಯಾರಿಸುವುದು ಎಲ್ಲವನ್ನೂ ನಾನೇ ಮಾಡಿದೆ.

ಅವರು ಏನು ಮಾಡಿದರು ಎಂದು ಹೇಳುತ್ತೇನೆ, ಏಕೆಂದರೆ ನಾನು ಎದುರುನೋಡಿದ್ದೇ ಬೇರೆ. ನನ್ನ ಹೇಳಿಕೆಯಲ್ಲಿ ಮದುವೆಯ ಆರಂಭದಿಂದ ಆದ ಅನ್ಯಾಯಗಳನ್ನೆಲ್ಲ ಬರೆದಿದ್ದೆ. ಮೊದಲ ಭೇಟಿಯಲ್ಲಿ ಅವರು ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಪೆನ್ಸಿಲ್‌ನಿಂದ ಪುಟದ ನಂತರ ಪುಟಕ್ಕೆ ಅಡ್ಡಗೆರೆ ಎಳೆದರು. ಒಂದು ಕಡೆ ನಿಂತರು. ಮಗ ರಾತ್ರಿ ದೀಪ ಆರಿಸಿದರೆ ಹೆದರುತ್ತಾನೆ, ಅದಕ್ಕೆ ಅವನ ಕೋಣೆಯಲ್ಲಿ ಸಣ್ಣ ದೀಪ ಇಟ್ಟಿದ್ದೇನೆ ಎಂದು ನಾನು ಎಲ್ಲೋ ಒಂದು ಸಾಲು ಬರೆದಿದ್ದೆ. ಆ ಸಾಲಿನ ಸುತ್ತ ವೃತ್ತ ಹಾಕಿ, ಇಂಥವನ್ನು ಇನ್ನೂ ಹೇಳಿ ಎಂದರು. ಅವನು ಏನು ತಿನ್ನುತ್ತಾನೆ, ಶಾಲೆಯಲ್ಲಿ ಯಾವ ಟೀಚರ್ ಇಷ್ಟ, ಅವನಿಗೆ ಉಬ್ಬಸ ಬಂದಾಗ ಏನು ಮಾಡುತ್ತೀರಿ, ಅವನ ಅಮ್ಮನ ಬಗ್ಗೆ ಅವನ ಎದುರು ಏನು ಮಾತಾಡುತ್ತೀರಿ. ಅಂತಿಮ ವಿಚಾರಣೆಯಲ್ಲಿ ನ್ಯಾಯಾಧೀಶರು ಕೇಳಿದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು.

ಕರಿಕೋಟು

ಹೊಸಮನೆ ಅವರು ಬರೆದ ಆ ಪೆನ್ಸಿಲ್ ಗೆರೆಯೇ ಒಳ್ಳೆಯ ಮಕ್ಕಳ ಬ್ಯಾರಿಸ್ಟರ್‌ನ ಲಕ್ಷಣ. 1989ರ ಕಾಯ್ದೆಯ ಮೊದಲ ಕಲಮಿನಲ್ಲೇ ಮಗುವಿನ ಕ್ಷೇಮವೇ ನ್ಯಾಯಾಲಯಕ್ಕೆ ಸರ್ವೋಚ್ಚ ಎಂದಿದೆ. ಮಗುವಿನ ಇಚ್ಛೆ, ಅಗತ್ಯಗಳು, ಬದಲಾವಣೆಯ ಪರಿಣಾಮ, ಈಗಾಗಲೇ ಆದ ಅಥವಾ ಆಗಬಹುದಾದ ಹಾನಿ, ತಂದೆ ತಾಯಿಯ ಸಾಮರ್ಥ್ಯ ಹೀಗೆ ನ್ಯಾಯಾಧೀಶರು ಗಮನಿಸಬೇಕಾದ ಪಟ್ಟಿಯೂ ಅಲ್ಲೇ ಇದೆ. ಯಾರ ತಪ್ಪಿನಿಂದ ಮದುವೆ ಮುರಿಯಿತು ಎನ್ನುವುದು ಆ ಪಟ್ಟಿಯಲ್ಲಿಲ್ಲ. ವಿಚ್ಛೇದನಕ್ಕೇ 2022ರ ಏಪ್ರಿಲ್‌ನಿಂದ ತಪ್ಪು ಹೊರಿಸುವ ಅಗತ್ಯ ಉಳಿದಿಲ್ಲ.

ನಮ್ಮವರಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಗಟ್ಟಿಯಾಗಿ ಕೂಗಾಡುವ, ಎದುರಿನವರ ಮಾನ ಹರಾಜು ಹಾಕುವ ವಕೀಲರನ್ನು ಹುಡುಕಿಕೊಂಡು ಬರುತ್ತಾರೆ. ಅಂಥವರಿಂದ ಮಕ್ಕಳ ಮೊಕದ್ದಮೆ ಕೆಡುತ್ತದೆ. ಇಬ್ಬರೂ ಇನ್ನು ಹತ್ತು ಹನ್ನೆರಡು ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ, ಆಸ್ಪತ್ರೆಗೆ, ಹುಟ್ಟುಹಬ್ಬಕ್ಕೆ ಒಬ್ಬರ ಮುಖ ಒಬ್ಬರು ನೋಡಬೇಕಾದವರು. ಇನ್ನೊಂದು, ಮಕ್ಕಳ ಮೊಕದ್ದಮೆಗಳಲ್ಲಿ ಗೆದ್ದವರಿಗೆ ಸೋತವರಿಂದ ಖರ್ಚು ಕೊಡಿಸುವ ವಾಡಿಕೆ ಇಲ್ಲ. ಅವರವರ ವಕೀಲರ ಹಣ ಅವರವರೇ ಭರಿಸಬೇಕು.

ಹಣ್ಣೆಲೆ ಅವರ ಮಾತಿನಲ್ಲಿ ಒಂದು ಭಾಗವನ್ನು ನಾನೂ ಒಪ್ಪುತ್ತೇನೆ. ಮಧ್ಯಸ್ಥಿಕೆಯ ಸಾಧ್ಯತೆ ಇದೆಯೇ ಎಂದು ತಿಳಿಯುವ ಸಭೆಗೆ ಹೋಗದೆ ಸಾಮಾನ್ಯವಾಗಿ ಅರ್ಜಿಯನ್ನೇ ಹಾಕುವಂತಿಲ್ಲ, ತುರ್ತು ಸಂದರ್ಭಕ್ಕೂ ದೌರ್ಜನ್ಯದ ಪ್ರಕರಣಕ್ಕೂ ವಿನಾಯಿತಿ ಇದೆ. ಮಗುವನ್ನು ಬೇರೆ ದೇಶಕ್ಕೆ ಕರೆದೊಯ್ಯುವ ವಿವಾದಗಳಲ್ಲಿ ಮಧ್ಯಸ್ಥಿಕೆ ನಡೆಸುವ ರಿಯುನೈಟ್ ಎಂಬ ಸೇವಾಸಂಸ್ಥೆ ಲೆಸ್ಟರ್‌ನಲ್ಲಿದೆ. ಅರ್ಜಿ ನಡೆಯುತ್ತಿರುವಾಗಲೂ ಮಾತುಕತೆ ಮಾಡಬಹುದು.

ಕಬ್ಬನ್‌ಪಾರ್ಕ್ ವಕೀಲ

ಬೆಂಗಳೂರಿನಲ್ಲಿ ಕೌಟುಂಬಿಕ ವ್ಯಾಜ್ಯಗಳನ್ನು ನಡೆಸುತ್ತೇನೆ. ಈ ಬದಿಯಿಂದ ಕಾಣುವುದನ್ನು ಹೇಳುತ್ತೇನೆ, ತುಂಗಾತೀರ ಮೇಡಂ ಅವರ ಪತಿಯ ಭಯ ಆಧಾರವಿಲ್ಲದ್ದೇನೂ ಅಲ್ಲ.

ಬ್ರಿಟನ್ನಿನ ಹಿರಿಯ ನ್ಯಾಯಾಲಯಗಳ ಹಣದ ಡಿಕ್ರಿಯನ್ನು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಕೆಳಗೆ ಇಲ್ಲಿ ನೇರವಾಗಿ ಜಾರಿ ಮಾಡಿಸಬಹುದು. ಮಗುವಿನ ಪಾಲನೆಯ ಆದೇಶಕ್ಕೆ ಆ ದಾರಿ ಇಲ್ಲ. ಮಗು ಇಲ್ಲೇ ಉಳಿದುಬಿಟ್ಟರೆ ತಂದೆ ಹೈಕೋರ್ಟಿನಲ್ಲಿ ಮಗುವನ್ನು ಹಾಜರುಪಡಿಸಿ ಎನ್ನುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬೇಕು, ಇಲ್ಲವೇ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಕೆಳಗೆ ಕೌಟುಂಬಿಕ ನ್ಯಾಯಾಲಯಕ್ಕೆ ಬರಬೇಕು. ವಿದೇಶಿ ನ್ಯಾಯಾಲಯದ ಆದೇಶ ಪರಿಗಣಿಸಬೇಕಾದ ಅಂಶಗಳಲ್ಲಿ ಒಂದು ಮಾತ್ರ, ಮಗುವಿನ ಹಿತವೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹಾಗೆಂದು ಮಕ್ಕಳು ಎಂದೂ ವಾಪಸು ಹೋಗುವುದಿಲ್ಲ ಎಂದಲ್ಲ. ಅಮೆರಿಕದಲ್ಲಿ ಹುಟ್ಟಿ ಬೆಂಗಳೂರಿಗೆ ಬಂದಿದ್ದ ಮಗುವೊಂದನ್ನು ಅಲ್ಲಿಗೆ ಮರಳಿ ಕರೆದೊಯ್ಯಲು ತಂದೆಗೆ 2020ರಲ್ಲಿ ಸುಪ್ರೀಂ ಕೋರ್ಟ್ ದಾರಿ ಮಾಡಿಕೊಟ್ಟಿತು. ಆದರೆ ಫಲಿತಾಂಶ ಪ್ರಕರಣದಿಂದ ಪ್ರಕರಣಕ್ಕೆ ಬದಲಾಗುತ್ತದೆ, ಸಮಯವೂ ಹಿಡಿಯುತ್ತದೆ. ಆ ಸಮಯದಲ್ಲಿ ಮಗು ಇಲ್ಲಿನ ಶಾಲೆಗೆ ಹೊಂದಿಕೊಂಡಿರುತ್ತದೆ, ಅದೇ ಮತ್ತೆ ವಾದದ ವಿಷಯವಾಗುತ್ತದೆ.

ಇಂಗ್ಲೆಂಡಿನ ಆದೇಶಕ್ಕೆ ಸರಿಸಮನಾದ ಆದೇಶವನ್ನು ಭಾರತದಲ್ಲಿ ಮೊದಲೇ ಪಡೆದುಕೊಂಡು ಬನ್ನಿ ಎಂದು ಅಲ್ಲಿನ ವಕೀಲರು ಕೇಳುವುದುಂಟು. ಅದನ್ನು ಮಿರರ್ ಆರ್ಡರ್ ಎನ್ನುತ್ತಾರೆ. ಕೀನ್ಯಾಕ್ಕೆ ಹೊರಟಿದ್ದ ಮಗುವಿನ ಪ್ರಕರಣವೊಂದರಲ್ಲಿ ಅಲ್ಲಿನ ನ್ಯಾಯಾಲಯದಿಂದ ಅಂಥ ಆದೇಶ ತರಬೇಕೆಂದು ನಮ್ಮ ಸುಪ್ರೀಂ ಕೋರ್ಟೇ 2020ರಲ್ಲಿ ಷರತ್ತು ಹಾಕಿತ್ತು. ಆದರೆ ಹೊರದೇಶದ ಆದೇಶಕ್ಕೆ ಹಾಗೆ ಕನ್ನಡಿ ಹಿಡಿಯಲೇಬೇಕು ಎನ್ನುವ ಶಾಸನ ನಮ್ಮಲ್ಲಿಲ್ಲ. ತಜ್ಞರ ವರದಿಯಲ್ಲಿ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಬರುವಂತೆ ನಿಮ್ಮ ಬ್ಯಾರಿಸ್ಟರ್ ನೋಡಿಕೊಳ್ಳಬೇಕು. ಮತ್ತೆ, ಊರಿನ ಪರಿಚಯದ ವಕೀಲರಿಂದ ಒಂದು ಪತ್ರ ಬರೆಸಿಕೊಂಡು ಹೋಗಬೇಡಿ. ಅದನ್ನು ತಜ್ಞರ ಸಾಕ್ಷ್ಯವೆಂದು ಅಲ್ಲಿ ಒಪ್ಪುವುದಿಲ್ಲ. ಸಾಮಾನ್ಯವಾಗಿ ಇಬ್ಬರಿಗೂ ಸೇರಿ ಒಬ್ಬರೇ ತಜ್ಞರು, ನ್ಯಾಯಾಲಯದ ಅನುಮತಿಯಿಂದ ನೇಮಕವಾಗುತ್ತಾರೆ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ವಕೀಲ ಸರ್ ಬರೆದದ್ದನ್ನು ಓದಿ ಮನಸ್ಸು ಭಾರವಾಯಿತು, ಆದರೆ ಮಗಳ ಅಪ್ಪನ ಭಯ ಎಲ್ಲಿಂದ ಬಂತು ಎಂದು ಗೊತ್ತಾಯಿತು. ಹಾಗಾದರೆ ನಾನು ಏನು ಕೊಡಬಲ್ಲೆ? ವಾಪಸು ಬಂದೇ ಬರುತ್ತೇನೆ ಎಂದು ಎಷ್ಟು ಸಲ ಹೇಳಿದರೂ ಅದು ಬಾಯಿಮಾತು ತಾನೇ. ಮತ್ತೆ ಬ್ಯಾರಿಸ್ಟರ್ ಆಯ್ಕೆ ಮಾಡುವಾಗ ನಾನು ಏನು ಕೇಳಬೇಕು, ಕರಿಕೋಟು ಅಕ್ಕ?

ಕರಿಕೋಟು

ಬಾಯಿಮಾತನ್ನು ಕಾಗದಕ್ಕೆ, ಹಣಕ್ಕೆ ಇಳಿಸಬೇಕು. ನಾನು ನೋಡಿದ ಪ್ರಕರಣಗಳಲ್ಲಿ ಮುಂದಿಟ್ಟ ಭದ್ರತೆಗಳು ಹೀಗಿರುತ್ತವೆ. ಮಗುವಿನ ವಾಸ ಇಂಗ್ಲೆಂಡೇ, ಅವಳ ವಿಷಯ ತೀರ್ಮಾನಿಸುವುದು ಇಲ್ಲಿನ ನ್ಯಾಯಾಲಯವೇ ಎಂದು ನೀವು ಪ್ರಮಾಣಪತ್ರ ಸಲ್ಲಿಸುವುದು. ಇಂಥ ದಿನ ಮರಳುತ್ತೇನೆ, ಭಾರತದಲ್ಲಿ ಯಾವುದೇ ಪಾಲನೆಯ ಅರ್ಜಿ ಹಾಕುವುದಿಲ್ಲ ಎಂದು ನ್ಯಾಯಾಲಯಕ್ಕೆ ಮುಚ್ಚಳಿಕೆ ಬರೆದುಕೊಡುವುದು. ಒಂದು ದೊಡ್ಡ ಮೊತ್ತವನ್ನು ಸಾಲಿಸಿಟರ್ ಬಳಿ ಠೇವಣಿ ಇಡುವುದು, ನೀವು ಮರಳದಿದ್ದರೆ ಅದು ಅವರ ವ್ಯಾಜ್ಯದ ಖರ್ಚಿಗೆ ಹೋಗುತ್ತದೆ. ಹೋಗಿಬರುವ ಟಿಕೆಟ್, ಉಳಿಯುವ ಮನೆಯ ವಿಳಾಸ, ಪ್ರತಿದಿನ ಅಪ್ಪನ ಜೊತೆ ವಿಡಿಯೊ ಕರೆಯ ಸಮಯ. ಊರಿನಲ್ಲಿ ನಿಮ್ಮ ತಂದೆ ತಾಯಿಯ ಪ್ರಮಾಣಪತ್ರವನ್ನೂ ಕೆಲವೊಮ್ಮೆ ಕೇಳುತ್ತಾರೆ. ಇಲ್ಲಿನ ಬೇರುಗಳನ್ನೂ ತೋರಿಸಿ, ಕೆಲಸದ ಕರಾರು, ಮನೆಯ ಸಾಲ, ಸೆಪ್ಟೆಂಬರಿಗೆ ಶಾಲೆಯ ಪ್ರವೇಶ. ನಿಮ್ಮ ವೀಸಾ ಅವರ ಮೇಲೆ ಅವಲಂಬಿತವಾಗಿದ್ದರೆ ಅದನ್ನು ಕೂಡಲೇ ವಲಸೆ ಕಾನೂನು ಬಲ್ಲವರಿಗೆ ಪ್ರತ್ಯೇಕವಾಗಿ ತೋರಿಸಿ. ಕೌಟುಂಬಿಕ ಬ್ಯಾರಿಸ್ಟರ್‌ಗಳಲ್ಲಿ ಹೆಚ್ಚಿನವರು ಆ ಕೆಲಸ ಮಾಡುವುದಿಲ್ಲ.

ಯಾವ ಕಾರಣಕ್ಕೂ ಅನುಮತಿಯಿಲ್ಲದೆ ಹೊರಡಬೇಡಿ. ಪೋಷಕ ಜವಾಬ್ದಾರಿ (ಮಗುವಿನ ಬಗ್ಗೆ ಕಾನೂನು ಕೊಡುವ ಹಕ್ಕು, ಹೊಣೆ) ಇರುವ ಇನ್ನೊಬ್ಬರ ಒಪ್ಪಿಗೆಯಾಗಲೀ ನ್ಯಾಯಾಲಯದ ಅನುಮತಿಯಾಗಲೀ ಇಲ್ಲದೆ ಮಗುವನ್ನು ದೇಶದಿಂದ ಹೊರಗೆ ಕರೆದೊಯ್ಯುವುದು 1984ರ ಮಕ್ಕಳ ಅಪಹರಣ ಕಾಯ್ದೆಯಂತೆ ಅಪರಾಧ, ಅದು ತಾಯಿಗೂ ಅನ್ವಯಿಸುತ್ತದೆ. ಮಗು ನಿಮ್ಮೊಂದಿಗೇ ಇರಬೇಕು ಎಂಬ ಆದೇಶ ಇದ್ದರೆ ಒಂದು ತಿಂಗಳೊಳಗಿನ ಪ್ರವಾಸಕ್ಕೆ ವಿನಾಯಿತಿ ಇದೆ. ನಿಮ್ಮಲ್ಲಿ ಅಂಥ ಆದೇಶ ಇದ್ದಂತೆ ಕಾಣುವುದಿಲ್ಲ, ಜೊತೆಗೆ ತಡೆಯಾಜ್ಞೆಯ ಅರ್ಜಿಯೂ ಇದೆ.

ಆಯ್ಕೆಯ ಬಗ್ಗೆ. ಬ್ಯಾರಿಸ್ಟರ್‌ಗಳು ಚೇಂಬರ್ಸ್ ಎಂಬ ಒಂದೇ ಸೂರಿನಡಿ ಇದ್ದರೂ ಪ್ರತಿಯೊಬ್ಬರೂ ಸ್ವತಂತ್ರ ಉದ್ಯೋಗಿಗಳು. ಅವರ ದಿನಚರಿ, ಶುಲ್ಕ ಎಲ್ಲವೂ ಅಲ್ಲಿನ ಕ್ಲರ್ಕ್ ಕೈಯಲ್ಲಿ. ಆ ಹೆಸರು ಕೇಳಿ ಗುಮಾಸ್ತರೆಂದು ತಿಳಿಯಬೇಡಿ, ಚೇಂಬರ್ಸ್ ನಡೆಯುವುದೇ ಅವರಿಂದ. ಕೌಟುಂಬಿಕ ಕಾನೂನು ಎಂದರೆ ಹಣಕಾಸಿನ ಹಂಚಿಕೆ, ಮಕ್ಕಳ ಖಾಸಗಿ ವಿವಾದ, ಸ್ಥಳೀಯ ಆಡಳಿತ ಮಗುವನ್ನು ವಶಕ್ಕೆ ಪಡೆಯುವ ಮೊಕದ್ದಮೆ, ಮಗುವನ್ನು ದೇಶದಿಂದ ದೇಶಕ್ಕೆ ಕರೆದೊಯ್ಯುವ ವಿವಾದ, ಹೀಗೆ ಬೇರೆ ಬೇರೆ ಕಸುಬು. ಕೋಟ್ಯಧಿಪತಿಗಳ ವಿಚ್ಛೇದನದಲ್ಲಿ ಹೆಸರು ಮಾಡಿದವರು ನಿಮ್ಮ ಅರ್ಜಿಗೆ ಸೂಕ್ತ ಎಂದೇನೂ ಇಲ್ಲ. ಹೇಗ್ ಒಪ್ಪಂದದ ಹೊರಗಿನ ದೇಶಕ್ಕೆ ರಜೆಗೆ ಹೋಗುವ ಅನುಮತಿಯ ಮೊಕದ್ದಮೆ ನಡೆಸಿದ್ದಾರೆಯೇ, ಭಾರತದ ಪ್ರಕರಣ ಮಾಡಿದ್ದಾರೆಯೇ ಎಂದು ಸಾಲಿಸಿಟರ್ ಮೂಲಕ ನೇರವಾಗಿ ಕೇಳಿಸಿ. ಹೆಸರಿನ ನಂತರ ಕೆಸಿ (ಕಿಂಗ್ಸ್ ಕೌನ್ಸೆಲ್ ಎಂಬ ಬಿರುದು) ಇರುವ ಹಿರಿಯರೇ ಬೇಕೆಂದಿಲ್ಲ, ಎಂಟು ಹತ್ತು ವರ್ಷ ಇದೇ ಕೆಲಸ ಮಾಡಿದವರು ಸಾಕು.

ಭಾಷೆಯದೂ ಒಂದು ಮಾತು. ಇಂಗ್ಲಿಷ್ ಚೆನ್ನಾಗಿ ಬಂದರೂ ಪಾಟೀಸವಾಲಿನಲ್ಲಿ ತಡವರಿಸುವ ಭಯವಿದ್ದರೆ ದುಭಾಷಿ ಬೇಕೆಂದು ಈಗಲೇ ನ್ಯಾಯಾಲಯಕ್ಕೆ ತಿಳಿಸಿ. ಮಕ್ಕಳ ಮೊಕದ್ದಮೆಗಳಲ್ಲಿ ಅವರನ್ನು ನ್ಯಾಯಾಲಯವೇ ಒದಗಿಸುತ್ತದೆ. ಕನ್ನಡದ ದುಭಾಷಿಗಳು ಸುಲಭವಾಗಿ ಸಿಗುವುದಿಲ್ಲ, ಕೊನೆಯ ವಾರ ಕೇಳಿದರೆ ಹಿಂದಿಯವರನ್ನು ಕಳಿಸಿಬಿಡುತ್ತಾರೆ.

ಬೆಳಗಿನ ಪಾಳಿ

ಇದನ್ನು ಓದುತ್ತಿರುವ, ಹೊಡೆತ ತಿನ್ನುತ್ತಿರುವ ಹೆಣ್ಣುಮಕ್ಕಳಿಗಾಗಿ ಬರೆಯುತ್ತಿದ್ದೇನೆ. ನಾನು ನರ್ಸ್. ನನ್ನ ಮೊಕದ್ದಮೆಯಲ್ಲಿ ದೌರ್ಜನ್ಯದ ಆರೋಪಗಳ ಬಗ್ಗೆಯೇ ಪ್ರತ್ಯೇಕ ವಿಚಾರಣೆ ನಡೆಯಿತು. ನನ್ನನ್ನು ಅತ್ಯಂತ ಹೆದರಿಸಿದ್ದು ಆರೋಪ ಹೊತ್ತವರೇ ಎದುರು ನಿಂತು ನನ್ನನ್ನು ಪ್ರಶ್ನಿಸುತ್ತಾರೆ ಎನ್ನುವುದು, ಏಕೆಂದರೆ ಅವರಿಗೆ ವಕೀಲರಿರಲಿಲ್ಲ. 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಿಂದ ಅದು ಬದಲಾಗಿದೆ. ಹೊಸ ಅರ್ಜಿಗಳಲ್ಲಿ 2022ರ ಜುಲೈನಿಂದ ನ್ಯಾಯಾಲಯ ಇಂಥ ನೇರ ಪಾಟೀಸವಾಲನ್ನು ತಡೆಯಬಹುದು, ಕೆಲವು ಸಂದರ್ಭಗಳಲ್ಲಿ ತಡೆಯಲೇಬೇಕು. ಬೇಕಾದರೆ ಪ್ರಶ್ನೆ ಕೇಳಲೆಂದೇ ಒಬ್ಬ ವಕೀಲರನ್ನು ಸರ್ಕಾರದ ಖರ್ಚಿನಲ್ಲಿ ನೇಮಿಸುತ್ತದೆ. ನಡುವೆ ಪರದೆ ಹಾಕಿಸಿಕೊಳ್ಳಬಹುದು, ಬೇರೆ ಬಾಗಿಲಿನಿಂದ ಒಳಬರಬಹುದು, ವಿಡಿಯೊ ಮೂಲಕ ಸಾಕ್ಷ್ಯ ಹೇಳಬಹುದು. ಇವನ್ನು ಮೊದಲೇ ಕೇಳಬೇಕು.

ಒಂದು ಕಹಿ ಅನುಭವವನ್ನೂ ಹೇಳುತ್ತೇನೆ. ವಿಚಾರಣೆಯ ಹಿಂದಿನ ಸಂಜೆ ಚೇಂಬರ್ಸ್‌ನಿಂದ ಕರೆ ಬಂತು. ನಾನು ಮಾತಾಡಿದ್ದ ಬ್ಯಾರಿಸ್ಟರ್‌ಗೆ ಬೇರೊಂದು ಮೊಕದ್ದಮೆ ಮುಗಿದಿಲ್ಲ, ಇನ್ನೊಬ್ಬರನ್ನು ಕಳಿಸುತ್ತೇವೆ ಎಂದರು. ನನ್ನ ಕಥೆಯನ್ನೆಲ್ಲ ಒಬ್ಬರ ಮುಂದೆ ಬಿಚ್ಚಿಟ್ಟು, ಬೆಳಿಗ್ಗೆ ಮುಖವೇ ನೋಡಿರದವರ ಜೊತೆ ಒಳಗೆ ಹೋಗಬೇಕಾಯಿತು. ಬಂದವರು ರಾತ್ರಿಯೆಲ್ಲ ಓದಿಕೊಂಡು ಬಂದಿದ್ದರು, ಕೆಲಸವನ್ನೂ ಚೆನ್ನಾಗಿ ಮಾಡಿದರು. ಆದರೂ ಅಂದಿನ ನಡುಕ ನನಗೆ ನೆನಪಿದೆ. ಇದು ಈ ಕಸುಬಿನಲ್ಲಿ ಆಗುವಂಥದ್ದೇ. ಅದಕ್ಕೇ ಕ್ಲರ್ಕ್ ಅವರನ್ನು ಮುಂಚೆಯೇ ಕೇಳಿಸಿ: ಇವರು ಬರಲಾಗದಿದ್ದರೆ ಯಾರು, ಅವರಿಗೆ ಕಾಗದ ಯಾವಾಗ ತಲುಪುತ್ತದೆ?

ನೆರೆಮನೆ

ಮಕ್ಕಳ ಸಮಾಜಸೇವಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಮಗಳ ಕಡೆಯಿಂದ ಒಂದು ಮಾತು. ಮೊದಲ ವಿಚಾರಣೆಗೆ ಮುಂಚೆ ಕ್ಯಾಫ್‌ಕಾಸ್ ಎಂಬ ಸಂಸ್ಥೆಯವರು ನಿಮಗೂ ಅವರಿಗೂ ಬೇರೆ ಬೇರೆಯಾಗಿ ಫೋನ್ ಮಾಡುತ್ತಾರೆ. ಅವರು ಯಾರ ಪರವೂ ಅಲ್ಲ. ಪೊಲೀಸ್ ದಾಖಲೆ, ಸ್ಥಳೀಯ ಆಡಳಿತದ ದಾಖಲೆ ನೋಡಿ ಮಗುವಿಗೆ ಅಪಾಯವಿದೆಯೇ ಎಂದು ನ್ಯಾಯಾಲಯಕ್ಕೆ ಪತ್ರ ಬರೆಯುತ್ತಾರೆ. ವಿಷಯ ಮುಂದುವರಿದರೆ ನ್ಯಾಯಾಧೀಶರು 1989ರ ಕಾಯ್ದೆಯ 7ನೇ ಕಲಮಿನಂತೆ ಮಗುವಿನ ಕ್ಷೇಮದ ವರದಿ ಕೇಳಬಹುದು, ಆಗ ಅವರು ಮಗುವನ್ನೇ ಮಾತಾಡಿಸುತ್ತಾರೆ. ಬರ್ಮಿಂಗ್‌ಹ್ಯಾಂ, ಡಾರ್ಸೆಟ್, ಉತ್ತರ ವೇಲ್ಸ್‌ನಂಥ ಕೆಲವು ಕಡೆ ಹೊಸ ಪದ್ಧತಿ ಇದೆ, ಅಲ್ಲಿ ಮಗುವಿನ ಮೇಲಾಗುವ ಪರಿಣಾಮದ ವರದಿ ಆರಂಭದಲ್ಲೇ ಬರುತ್ತದೆ.

ಅವಳಿಗೆ ಏನನ್ನೂ ಹೇಳಿಕೊಡಬೇಡಿ. ಅಜ್ಜಿಯ ಮನೆಗೆ ಹೋಗಬೇಕು ಎಂದು ಹೇಳಮ್ಮಾ ಎಂದು ಒಂದೇ ಒಂದು ಸಲ ಹೇಳಿಕೊಟ್ಟರೂ ಅದು ಅವಳ ಮಾತಿನಲ್ಲಿ ಎದ್ದು ಕಾಣುತ್ತದೆ. ಆರು ವರ್ಷದ ಮಕ್ಕಳು ದೊಡ್ಡವರ ಪದಗಳನ್ನು ಹಾಗೆಹಾಗೇ ಒಪ್ಪಿಸಿಬಿಡುತ್ತವೆ.

ಇಲ್ಲಿನ ನ್ಯಾಯಾಧೀಶರು ಮಕ್ಕಳನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳಬಲ್ಲರು ಎಂಬುದಕ್ಕೆ 2017ರ ಒಂದು ತೀರ್ಪು ನನಗೆ ಇಷ್ಟ. ತಂದೆಯ ಜೊತೆ ಬೇರೆ ದೇಶಕ್ಕೆ ಹೋಗಿ ನೆಲೆಸಬೇಕೆಂದು ಹದಿನಾಲ್ಕು ವರ್ಷದ ಹುಡುಗನೇ ಅರ್ಜಿ ಹಾಕಿದ್ದ. ನ್ಯಾಯಮೂರ್ತಿ ಪೀಟರ್ ಜಾಕ್ಸನ್ ತಮ್ಮ ತೀರ್ಪ­ನ್ನೇ ಆ ಹುಡುಗನಿಗೆ ಬರೆದ ಪತ್ರದ ರೂಪದಲ್ಲಿ ಕೊಟ್ಟರು. ಏಕೆ ಒಪ್ಪಲಿಲ್ಲ ಎಂಬುದನ್ನು ಅವನಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ವಿವರಿಸಿದರು.

ಗ್ರಾನೈಟ್ ಊರು

ಒಂದು ತಿದ್ದುಪಡಿ ಸೇರಿಸುತ್ತೇನೆ. ಇಲ್ಲಿ ಬರೆದಿರುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ. ನಾನಿರುವ ಸ್ಕಾಟ್ಲೆಂಡಿನಲ್ಲಿ ಬ್ಯಾರಿಸ್ಟರ್‌ಗಳಿಲ್ಲ, ಅಡ್ವೊಕೇಟ್‌ಗಳಿದ್ದಾರೆ. ಮೊಕದ್ದಮೆ ಸಾಮಾನ್ಯವಾಗಿ ಶೆರಿಫ್ ಕೋರ್ಟಿನಲ್ಲಿ, 1995ರ ಬೇರೆಯದೇ ಕಾಯ್ದೆಯ ಕೆಳಗೆ ನಡೆಯುತ್ತದೆ. ಅಬರ್ದೀನ್, ಎಡಿನ್‌ಬರಾ ಕಡೆಯವರು ಸ್ಕಾಟ್ಲೆಂಡಿನ ಸಾಲಿಸಿಟರ್ ಅವರನ್ನೇ ಕಾಣಿರಿ.

ಹೆಸರು ಬೇಡ

ನಿರ್ವಾಹಕರೇ, ಇದೇ ಚರ್ಚೆಯಲ್ಲಿ ಕೇಳಬಹುದೇ? ತುರ್ತು. ಇಂಗ್ಲೆಂಡಿನಲ್ಲೇ ಇದ್ದೇವೆ, ಗಂಡ ಹೆಂಡತಿ ಜೊತೆಗೇ ಇದ್ದೇವೆ, ಜಗಳವಿಲ್ಲ. ಮಗ ಪಾಠ ಓದಲಿಲ್ಲ ಎಂದು ಬೆಲ್ಟಿನಿಂದ ಒಂದೇಟು ಕೊಟ್ಟಿದ್ದೆ, ತೊಡೆಯ ಮೇಲೆ ಗುರುತು ಬಿದ್ದಿತ್ತು. ಶಾಲೆಯವರು ನೋಡಿ ತಿಳಿಸಿದ್ದಾರೆ. ಮನೆಗೆ ಸಮಾಜಸೇವಾ ವಿಭಾಗದವರು ಬಂದು ಹೋದರು. ಈಗ ಮೊಕದ್ದಮೆಗೆ ಮುಂಚಿನ ಸಭೆಗೆ ಬನ್ನಿ, ವಕೀಲರನ್ನು ಕರೆತನ್ನಿ ಎಂದು ಪತ್ರ ಬಂದಿದೆ. ಸ್ವಲ್ಪ ದಿನ ಮಗ ಬೇರೆ ಕಡೆ ಇರಲು ಒಪ್ಪಿ ಸಹಿ ಹಾಕಿ ಎಂದೂ ಕೇಳಿದ್ದಾರೆ. ಬ್ಯಾರಿಸ್ಟರ್‌ಗೆ ಕೊಡಲು ನಮ್ಮಲ್ಲಿ ಹಣವಿಲ್ಲ. ನಮ್ಮ ಮನೆಯಲ್ಲಿ ನಾವೂ ಹೊಡೆಸಿಕೊಂಡೇ ಬೆಳೆದವರು. ಮಗನನ್ನು ಕಿತ್ತುಕೊಳ್ಳುತ್ತಾರೆಯೇ?

ನೆರೆಮನೆ

ತಮ್ಮಾ, ಮೊದಲು ಒಂದನ್ನು ಸ್ಪಷ್ಟವಾಗಿ ಹೇಳುತ್ತೇನೆ. ವೇಲ್ಸ್‌ನಲ್ಲಿ 2022ರಿಂದ, ಸ್ಕಾಟ್ಲೆಂಡಿನಲ್ಲಿ 2020ರಿಂದ ಮಗುವಿಗೆ ಯಾವ ಹೊಡೆತವೂ ಕಾನೂನಿಗೆ ವಿರುದ್ಧ. ಇಂಗ್ಲೆಂಡಿನಲ್ಲಿ ಮಿತವಾದ ಶಿಕ್ಷೆ ಎಂಬ ಸಮಜಾಯಿಷಿ ಇನ್ನೂ ಉಳಿದಿದೆ, ಆದರೆ ಬೆಲ್ಟಿನ ಗುರುತು ಅದರೊಳಗೆ ಬರುತ್ತದೆಂದು ನಂಬಿ ಕೂರಬೇಡ. ನಾವೂ ಹೊಡೆಸಿಕೊಂಡೇ ಬೆಳೆದೆವು ಎಂಬ ಮಾತನ್ನು ಆ ಸಭೆಯಲ್ಲಿ ವಾದವಾಗಿ ಹೇಳಬೇಡ. ಅದನ್ನು ಕೇಳಿದವರಿಗೆ ನೀನು ಮತ್ತೆ ಹೊಡೆಯುತ್ತೀಯ ಎಂದೇ ಅರ್ಥವಾಗುತ್ತದೆ. ಇನ್ನು ಮುಂದೆ ಕೈ ಎತ್ತುವುದಿಲ್ಲ ಎಂದು ನೀನು ಮನಸ್ಸಿನಿಂದ ನಿಶ್ಚಯ ಮಾಡಿಕೊಂಡು, ಅದಕ್ಕಾಗಿ ಪೋಷಕರ ತರಬೇತಿಗೆ ಸೇರಲು ಸಿದ್ಧ ಎಂದು ಹೇಳಿದರೆ ಅದಕ್ಕೆ ಬೆಲೆ ಇದೆ. ಮಗುವನ್ನು ಸುರಕ್ಷಿತವಾಗಿ ಮನೆಯಲ್ಲೇ ಉಳಿಸುವ ದಾರಿ ಹುಡುಕುವುದಕ್ಕೇ ಆ ಸಭೆ ಇರುವುದು.

ಕರಿಕೋಟು

ಹಣದ ಚಿಂತೆ ಬಿಡಿ. ಇದು ತುಂಗಾತೀರ ಅವರದಕ್ಕಿಂತ ಬೇರೆ ಬಗೆಯ ಮೊಕದ್ದಮೆ, ಎದುರಿಗಿರುವುದು ಸರ್ಕಾರದ ಅಂಗ. ಆ ಪತ್ರ ಬಂದ ಕ್ಷಣದಿಂದ ಪೋಷಕ ಜವಾಬ್ದಾರಿ ಇರುವ ತಂದೆ ತಾಯಿಗೆ ಕಾನೂನು ನೆರವು ಉಚಿತ, ನಿಮ್ಮ ಸಂಬಳ ಎಷ್ಟೇ ಇರಲಿ. ಮುಂದೆ ಮಗುವನ್ನು ವಶಕ್ಕೆ ಪಡೆಯಲು 1989ರ ಕಾಯ್ದೆಯ 31ನೇ ಕಲಮಿನ ಅರ್ಜಿ ನ್ಯಾಯಾಲಯಕ್ಕೆ ಹೋದರೂ ಸಾಲಿಸಿಟರ್, ಬ್ಯಾರಿಸ್ಟರ್ ಇಬ್ಬರ ಖರ್ಚೂ ಅದರಲ್ಲೇ ಬರುತ್ತದೆ. ನಿಮ್ಮಿಬ್ಬರ ನಿಲುವು ಬೇರೆಯಾದರೆ ನಿಮ್ಮ ಹೆಂಡತಿಗೆ ಪ್ರತ್ಯೇಕ ವಕೀಲರು. ಮಗನಿಗೂ ಅವನದೇ ವಕೀಲರು, ಅವನ ಹಿತ ನೋಡುವ ಗಾರ್ಡಿಯನ್ ಒಬ್ಬರು. ಅಂಥ ಮೊಕದ್ದಮೆ 26 ವಾರಗಳಲ್ಲಿ ಮುಗಿಯಬೇಕೆಂದು ಕಾನೂನು ಹೇಳುತ್ತದೆ, ಆದ್ದರಿಂದ ಆರಂಭದ ವಾರಗಳು ಬಹಳ ಮುಖ್ಯ.

ಸಹಿ ಕೇಳಿರುವುದು ಅದೇ ಕಾಯ್ದೆಯ 20ನೇ ಕಲಮಿನ ಒಪ್ಪಿಗೆ ಇರಬೇಕು. ಅದು ಸ್ವಇಚ್ಛೆಯದು. ಹಾಕಲೇಬೇಕೆಂದಿಲ್ಲ, ಹಾಕಿದರೂ ಹಿಂದಕ್ಕೆ ಪಡೆಯಬಹುದು. ಆದರೆ ನಿರಾಕರಿಸಿದರೆ ಅವರು ಅಂದೇ ತುರ್ತು ಆದೇಶಕ್ಕೆ ನ್ಯಾಯಾಲಯಕ್ಕೆ ಹೋಗಲೂಬಹುದು. ಹಾಗಾಗಿ ಒಪ್ಪುವ ಮುಂಚೆಯೂ ಬೇಡವೆನ್ನುವ ಮುಂಚೆಯೂ ವಕೀಲರ ಜೊತೆ ಮಾತಾಡಿ. ಅಜ್ಜಿ ತಾತ, ಚಿಕ್ಕಪ್ಪ, ನಂಬಿಗಸ್ತ ಸ್ನೇಹಿತರು ಯಾರಾದರೂ ಈ ದೇಶದಲ್ಲಿದ್ದರೆ ಅವರ ಹೆಸರು ಕೊಡಿ, ಅಪರಿಚಿತರ ಮನೆಗಿಂತ ಅದು ಮಗುವಿಗೆ ಒಳ್ಳೆಯದು.

ನಾಳೆ ಬೆಳಿಗ್ಗೆ ಮಾಡಬೇಕಾದದ್ದು: ಪತ್ರದ ಜೊತೆ ಸ್ಥಳೀಯ ಸಾಲಿಸಿಟರ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ ಸಾಲಿಸಿಟರ್‌ಗಳ ಸಂಘವಾದ ಲಾ ಸೊಸೈಟಿಯಿಂದ ಮಕ್ಕಳ ಕಾನೂನಿನ ಮಾನ್ಯತೆ ಪಡೆದವರು ಯಾರೆಂದು ನೋಡಿ, ಕಚೇರಿ ತೆರೆದ ಕೂಡಲೇ ಫೋನ್ ಮಾಡಿ, ಪತ್ರದ ಪ್ರತಿ ಕಳಿಸಿ. ಫ್ಯಾಮಿಲಿ ರೈಟ್ಸ್ ಗ್ರೂಪ್ ಎಂಬ ಸೇವಾಸಂಸ್ಥೆಯೂ ಇಂಥ ತಂದೆ ತಾಯಿಗೆ ಉಚಿತ ಸಲಹೆ ಕೊಡುತ್ತದೆ. ಸಭೆಯ ದಿನದೊಳಗೆ ವಕೀಲರು ಸಿಗದಿದ್ದರೆ ದಿನ ಮುಂದೂಡಿ ಎಂದು ಸಮಾಜಸೇವಾ ವಿಭಾಗಕ್ಕೆ ಬರಹದಲ್ಲಿ ಕೇಳಿ, ಸಭೆಗೆ ಹೋಗದೆ ಮಾತ್ರ ಇರಬೇಡಿ.